ಮೋರಸ್ ಬಲ್ಲವನು ಸೊಪ್ಪು ಹಾಕಿದ್ದು

ಯಳಂದೂರಿನ ರಸ್ತೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹೊತ್ತ ಮೊಪೆಡ್ಡು ಎದುರಾದಾಗಲೆಲ್ಲ ನನ್ನ ಬಾಯಿಗೆ ತಾನಾಗಿ ಆ ಗಿಡದ ಲ್ಯಾಟಿನ್ ಹೆಸರು ಬರುತ್ತದೆ: ಮೋರಸ್. ಕೊಳ್ಳೇಗಾಲದಲ್ಲಿ ಸಸ್ಯಶಾಸ್ತ್ರ ಬೋಧಿಸಿ ನಿವೃತ್ತನಾದವನಿಗೆ ಉಳಿಯುವ ಚಟಗಳಲ್ಲಿ ಇದು ನಿರುಪದ್ರವಿಯೆಂದು ನಂಬಿದ್ದೆ. ಗ್ರೀಕರ ಹಣ್ಣಿನ ಹೆಸರಿಗೆ ನಂಟಿದೆಯೆಂದು ಬಲ್ಲವರು ಹೇಳುವ ಈ ಪದದ ವೇಷ ಪುಲ್ಲಿಂಗದ್ದು, ಲಿಂಗ ಮಾತ್ರ ಸ್ತ್ರೀ. ರೋಮನ್ನರಿಗೆ ಮರಗಳು ಬಹುಮಟ್ಟಿಗೆ ಹೆಣ್ಣೇ, ಹಣ್ಣು 'ಮೋರಮ್' ಆಗಿ ನಪುಂಸಕ. ಷಷ್ಠೀ ವಿಭಕ್ತಿ ಹಚ್ಚಿದರೆ 'ಮೋರಿ', ಅಂದರೆ ಹಿಪ್ಪುನೇರಳೆಯ. ರೇಷ್ಮೆಹುಳುವಿನ ಶಾಸ್ತ್ರೀಯ ನಾಮಧೇಯದ ಬಾಲದಲ್ಲಿ ಕೂತಿರುವುದು ಇದೇ. ನಮ್ಮೂರ ಮೋರಿಗೂ ಇದಕ್ಕೂ ಸಂಬಂಧವಿಲ್ಲವೆಂದು ತರಗತಿಯಲ್ಲಿ ವರ್ಷವರ್ಷವೂ ಹೇಳಿ, ವರ್ಷವರ್ಷವೂ ಒಬ್ಬನೇ ನಕ್ಕಿದ್ದೇನೆ.

ಹೋದ ತಿಂಗಳು ಲೊಕ್ಕನಹಳ್ಳಿ ಹತ್ತಿರ ಹುಳು ಸಾಕುವ ತಂಗಿ ಶಿವಮ್ಮನ ಮನೆಗೆ ಹೋಗಿದ್ದೆ. ಹರಕೆ ತೀರಿಸಲು ಮಾದಪ್ಪನ ಬೆಟ್ಟಕ್ಕೆ ಹೊರಟವಳು, "ಉಳ ಜರದಲ್ಲಿ ಅದ ಕಣಣ್ಣ, ಸೊಪ್ಪಾಕ್ಬ್ಯಾಡ. ಇರುವೆ ಬರ್ದಂಗ ನೋಡ್ಕ, ಸಾಕು" ಅಂದಳು. ಪೊರೆ ಬಿಡುವ ಮುನ್ನ ಹುಳುಗಳು ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗುವುದಕ್ಕೆ ನಮ್ಮ ಕಡೆ ಜ್ವರವೆನ್ನುತ್ತಾರೆ.

ಮಧ್ಯಾಹ್ನ ಹುಳುಮನೆಗೆ ಇಣುಕಿದರೆ, ಅಲ್ಲೊಂದು ಇಲ್ಲೊಂದು ಹುಳು ಪೊರೆ ಕಳಚಿ ಮೇವಿಗಾಗಿ ತಡಕಾಡುತ್ತಿತ್ತು. ಪಾಪವೆನ್ನಿಸಿತು. ಮೋರಸ್ಸಿನ ಲಿಂಗ, ವಿಭಕ್ತಿಗಳನ್ನೆಲ್ಲ ಬಲ್ಲ ನನಗೆ ಅವಳ ಮಾತು ಯಾವ ಲೆಕ್ಕ? ಎಳೆಸೊಪ್ಪು ತಂದು ಹುಳುವಿನ ತಟ್ಟೆಗಳ ತುಂಬ ಹರಡಿ, ನಾನೂ ಉಂಡು ಅಡ್ಡಾದೆ.

ಸಂಜೆ ಬಂದ ಶಿವಮ್ಮ ತಟ್ಟೆಗಳ ಮುಂದೆ ನಿಂತುಬಿಟ್ಟಳು. ಈ ಬೆಳೆಯನ್ನು ನಂಬಿಯೇ ಅವಳು ಮಗಳನ್ನು ನರ್ಸಿಂಗ್‌ಗೆ ಸೇರಿಸಿದ್ದಳು.

"ಏನ್ ಕೆಲ್ಸ ಮಾಡ್ಬುಟ್ಟೆಣ್ಣ. ಮೊದ್ಲೆದ್ದವು ತಿಂದ್ಬುಟ್ರ ಮಲ್ಗಿರವು ಅವುಕ್ಕ ಸಮ ಬರಕಿಲ್ಲ. ಕಡೇದು ಎದ್ದೇಳಗಂಟ ಎದ್ದವು ಅಸ್ಕಂಡಿರ್ಬೇಕು."

ಅಷ್ಟೇ, ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮಲಗಿದ ಹುಳುಗಳ ಮೇಲಿನ ಹಸಿ ಸೊಪ್ಪನ್ನು ಇಬ್ಬರೂ ಒಂದೊಂದೇ ಎತ್ತಿ, ಎದ್ದವನ್ನು ಬೇರೆ ತಟ್ಟೆಗೆ ಬಿಡುತ್ತ ಕೂತೆವು. ಚಿಕ್ಕಂದಿನಲ್ಲಿ ಒಂದೇ ಶಾಲೆಗೆ ಹೋಗುತ್ತಿದ್ದೆವು ನಾವು. ಏಳನೆಯದಕ್ಕೆ ಅವಳನ್ನು ಬಿಡಿಸಿ ಹುಳುಮನೆಗೆ ಹಚ್ಚಿದರು; ಅವಳು ಬೆಳೆದ ರೇಷ್ಮೆಗೂಡು ನನ್ನನ್ನು ಮೈಸೂರಿನಲ್ಲಿ ಓದಿಸಿತು. ಮೊದಲೆದ್ದವನು ನಾನು, ಕಾಯದೆ ತಿಂದವನೂ ನಾನೇ. ನಾಚಿಕೆಯಾಯಿತು, ಅವಳಿಗೆ ಹೇಳಿಯೂಬಿಟ್ಟೆ.

"ಅದ್ಯಾಕಣ್ಣ ಈಗ? ಈ ತಟ್ಟೆ ಇಡ್ಕ" ಅಂದಳು.

ಹಿಡಿದುಕೊಂಡೆ. ಎದ್ದ ಹುಳುವೊಂದನ್ನು ಅವಳು ಅದಕ್ಕೆ ಬಿಟ್ಟಳು. ಬೆಟ್ಟದಿಂದ ಬಂದವಳನ್ನು ಉಂಡೆಯಾ ಎಂದು ನಾನಿನ್ನೂ ಕೇಳಿರಲಿಲ್ಲ.