ಆಡದ ಜಗಳಕ್ಕೆ ಕೇಳಿದ ಕ್ಷಮೆ

ಕೋವಿಡ್ ತಗ್ಗಿದ ಮರುವರ್ಷ ನಾನು ಬಾಗಲಕೋಟೆಯಲ್ಲಿ ಮನೋವೈದ್ಯೆಯಾಗಿದ್ದೆ. ವಾರಕ್ಕೊಂದು ದಿನ ಇಳಕಲ್ಲಿಗೆ ಹೋಗಿ ಹೊರರೋಗಿಗಳನ್ನು ನೋಡುತ್ತಿದ್ದೆ. ನಲವತ್ತು ದಾಟಿದ ನೇಕಾರ ಹೆಣ್ಣುಮಗಳು ನೀಲವ್ವ ಅಲ್ಲಿಗೆ ಬಂದವಳು. ನಿದ್ದೆಯಿಲ್ಲ, ಊಟ ಸೇರದು, ಮಾತಿಲ್ಲ. ಖಿನ್ನತೆ ಸ್ಪಷ್ಟವಿತ್ತು. ಮೊದಲ ಔಷಧ ಫಲ ಕೊಡಲಿಲ್ಲ, ಬದಲಿಸಿದೆ. ಎರಡನೆಯದೂ ಕೊಡಲಿಲ್ಲ. ಆ ಹೊತ್ತಿಗೆ ಆಕೆ, "ನಾ ಇಲ್ಲಂದ್ರ ಮನಿ ಹಸನಾಗ್ತೈತ್ರಿ" ಎನ್ನತೊಡಗಿದ್ದಳು. ಆಕೆಯನ್ನು ಒಂಟಿಯಾಗಿ ಬಿಡಬೇಡಿ ಎಂದು ಗಂಡನಿಗೆ ಎಚ್ಚರಿಸಿದೆ.

ಗಂಡನ ಪ್ರಕಾರ ಕಾರಣ ಮನೆಯ ಜಗಳ. ಇಳಕಲ್ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸುವುದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಅದಕ್ಕೆ ಒಬ್ಬರ ಕೈ ಸಾಲದು. ನೀಲವ್ವ ವರ್ಷಗಟ್ಟಲೆ ಮೈದುನನ ಹೆಂಡತಿ ಗೌರವ್ವನ ಜೊತೆ ಕೂತು ಕೊಂಡಿ ಹಾಕಿದವಳು. ಒಂದು ದಿನ ಒಲ್ಲೆನೆಂದಳು. ಮರುದಿನವೂ ಕೂರಲಿಲ್ಲ. ಕೂಡಿ ಕೊಂಡಿ ಹಾಕದವರು ಮುನಿಸಿಕೊಂಡಿದ್ದಾರೆ ಎಂದೇ ಆ ಮನೆಯವರ ಲೆಕ್ಕ. ಹಿರಿಯರು ಇಬ್ಬರನ್ನೂ ಕೂರಿಸಿ, ನೀಲವ್ವನಿಂದ ತಪ್ಪಾಯಿತು ಅನ್ನಿಸಿ, ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿಸಿದ್ದರು.

"ಏನ್ ಜಗಳ ಆಗಿತ್ತವ್ವಾ?" ಎಂದು ನೀಲವ್ವನನ್ನು ಕೇಳಿದೆ.

"ಜಗಳಾನ ಆಗಿಲ್ರಿ. ಹಿರೇರು ಅನ್ನು ಅಂದ್ರು, ತಪ್ಪಾತಂದೆ. ನನ್ನಿಂದ ಏನರ ತಪ್ಪ ಆಗಿರಬೇಕ್ರಿ."

ಖಿನ್ನತೆ ಅಪರಾಧ ಭಾವವನ್ನು ತಾನಾಗಿಯೇ ಹುಟ್ಟಿಸುತ್ತದೆ, ಯಾರೂ ಹುಡುಕಿಕೊಡಬೇಕಿಲ್ಲ. ಇಲ್ಲಿ ಮನೆಯವರೇ ಕೊಟ್ಟಿದ್ದರು.

ಮುಂದಿನ ವಾರ ಗೌರವ್ವನೂ ಬಂದಳು. ಗುಳಿಗೆ ತಪ್ಪದೆ ಕೊಡುತ್ತಿದ್ದೀರಾ ಎಂದೆ.

"ನಾನ ಬಿಡಿಸಿ ಬಾಯಾಗ ಹಾಕ್ತೇನ್ರಿ. ಮುಂಜಾನಿ ಅಕ್ಕನ ಕೈಬಟ್ಟು ಮಡಚಂಗಿಲ್ಲ."

"ಇದನ್ನ ಯಾಕ ಹೇಳ್ಲಿಲ್ಲ?"

"ತಲಿ ಡಾಕ್ಟರ್ ಮುಂದ ಕೈ ತೋರಿಸ್ತಾರೇನ್ರಿ, ಬಾಯಾರ?"

ನೀಲವ್ವನ ಬೆರಳ ಗೆಣ್ಣುಗಳನ್ನು ಒತ್ತಿದೆ. ಬಾತಿದ್ದವು, ಬಿಸಿಯಿದ್ದವು. ರಕ್ತದಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ ಏರಿತ್ತು. ಬಾಗಲಕೋಟೆಯ ತಜ್ಞರು ರುಮಟಾಯ್ಡ್ ಸಂಧಿವಾತ ಎಂದರು.

ಮಿದುಳಿನ ನರಕೋಶಗಳಿಗೆ ಆಸರೆಯಾಗಿ, ಕಾವಲಾಗಿ ಇರುವ ಕೋಶಗಳು ಗ್ಲಿಯಾ. ಅವುಗಳಲ್ಲಿ ಕಾವಲಿನವು ಮೈಕ್ರೋಗ್ಲಿಯಾ. ದೇಹದ ಉರಿಯೂತದ ಸಂಕೇತ ತಲುಪಿದಾಗ ಇವು ಕೆರಳಬಹುದು. ಬಹುಕಾಲ ಕೆರಳಿದ್ದರೆ ನರಕೋಶಗಳ ನಡುವಿನ ಸಂಪರ್ಕ ಏರುಪೇರಾಗಿ, ಕೆಲವರಲ್ಲಿ ಖಿನ್ನತೆಗೆ ದಾರಿಯಾಗಬಹುದು ಎಂಬುದು ಸಂಶೋಧಕರ ಅಭಿಪ್ರಾಯ. ಎಲ್ಲ ಖಿನ್ನತೆಯೂ ಹೀಗಲ್ಲ. ನೀಲವ್ವನಲ್ಲಿ ಇದೇ ನಡೆಯಿತೆಂದು ತೋರಿಸುವ ಪರೀಕ್ಷೆ ನನ್ನಲ್ಲಿರಲಿಲ್ಲ. ನೋವು, ಅವಮಾನಗಳ ಪಾಲೂ ಇತ್ತು. ಖಿನ್ನತೆಯ ಔಷಧ ನಿಲ್ಲಿಸದೆಯೇ ಸಂಧಿವಾತದ ಚಿಕಿತ್ಸೆ ಆರಂಭವಾಯಿತು.

ಇದನ್ನೆಲ್ಲ, ಆಕೆ ಕೊಂಡಿಗೆ ಕೂರದಿದ್ದುದು ಬೆರಳ ನೋವಿಗೆ, ಮುನಿಸಿಗಲ್ಲ ಎಂಬುದನ್ನೂ ಗಂಡನಿಗೆ ವಿವರಿಸಿದೆ. ಆತ, "ಆಕಿ ಕಡಿಂದ ತಪ್ಪಾತು ಅನ್ಸಿದ್ವಲ್ರಿ" ಎಂದ.

"ಈಗ ನೀವು ಅನ್ರಿ" ಎಂದೆ.

ಅಂದನೋ ಇಲ್ಲವೋ ನಾನು ಕೇಳಲಿಲ್ಲ. ಕೆಲವು ತಿಂಗಳಲ್ಲಿ ಊತ ಇಳಿಯಿತು. ನಿದ್ದೆ ಬಂತು, ಆಮೇಲೆ ಹಸಿವು, ಕೊನೆಗೆ ಮಾತು. ಒಂದು ಬೆರಳು ಮಾತ್ರ ಸೊಟ್ಟಗೇ ಉಳಿಯಿತು. ಸಾಯುವ ಮಾತನ್ನು ಆಕೆ ಮತ್ತೆ ಆಡಲಿಲ್ಲ.

"ಈಗ ಖರೇನ ಜಗಳ ತಗೀತಾಳ್ರಿ" ಎಂದಳು ಗೌರವ್ವ. "ಎಳಿ ಬಿಟ್ಟಿ, ಕಣ್ಣ ಕಾಣಂಗಿಲ್ಲೇನ ಅಂತ ಬೈತಾಳ. ಒಂದ್ ಗುಳಿಗಿ ಕಮ್ಮಿ ಮಾಡ್ರಿ!"

ನೀಲವ್ವ ನಕ್ಕಳು. ನಾನು ಗುಳಿಗೆ ಕಡಿಮೆ ಮಾಡಲಿಲ್ಲ. ಅಂದಿನಿಂದ, ಮನಸ್ಸಿನ ಮಾತು ಕೇಳುವ ಮೊದಲು ರೋಗಿಯ ಕೈ ಹಿಡಿದು ನೋಡುತ್ತೇನೆ.