ಸೊನ್ನೆ ಇರುವ ಹೆಸರು

ಬೆಳ್ಳಾರೆಯ ಸಂತೆಯಲ್ಲಿ ಒಣಮೀನು ಮಾರುವ ಮೂಸಕುಂಞಿಗೆ ಪಂಚಾಯತಿ ಮೆಂಬರಾದದ್ದೇ ಒಂದು ತಲೆನೋವಾಯಿತು. ಅರವತ್ತರ ಇಸವಿಯ ಆಸುಪಾಸಿನ ಮಾತು. ಚೇರ್ಮನ್ನರನ್ನು ಆರಿಸುವವರು ಊರವರಲ್ಲ, ಒಂಬತ್ತು ಜನ ಮೆಂಬರುಗಳು. ನಾಲ್ವರು ವೆಂಕಟ್ರಮಣ ಭಟ್ಟರ ಕಡೆ, ನಾಲ್ವರು ಕೃಷ್ಣಮೋಹನನ ಕಡೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಉಳಿದವನು ಇವನೊಬ್ಬ.

ತಲೆಯ ಭಾರ ಇಳಿಸಿಕೊಳ್ಳೋಣವೆಂದು ವಾರ್ಡಿನವರನ್ನು ಪೋಕರನ ಚಾದಂಗಡಿಗೆ ಕರೆಸಿ, "ನೀವು ಹೇಳಿದವರಿಗೆ ನನ್ನ ಓಟು" ಎಂದುಬಿಟ್ಟ. ಮುಕ್ಕಾಲು ಪಾಲು ಕೈ ಭಟ್ಟರ ಹೆಸರಿಗೆ ಎದ್ದವು. ಮಳೆಗಾಲದಲ್ಲಿ ತೋಡು ದಾಟಲು ಮರದ ಸಂಕ ಹಾಕಿಸುತ್ತೇನೆಂದು ಅವರು ಮಾತು ಕೊಟ್ಟಿದ್ದರು. ಮೂಸಕುಂಞಿಯ ಮುಖ ಸಪ್ಪಗಾಯಿತು. ಹತ್ತು ವರ್ಷದ ಹಿಂದೆ, ಜಡಿಮಳೆಗೆ ತಮ್ಮ ಜಗಲಿಯ ಮೂಲೆಯಲ್ಲಿ ನಿಂತವನನ್ನು "ಆ ನಾತ ಹೊತ್ತುಕೊಂಡು ಆಚೆ ನಡಿ" ಎಂದು ಅಟ್ಟಿದವರು ಇದೇ ಭಟ್ಟರು. ಬುಟ್ಟಿಯ ಮೀನೆಲ್ಲ ನೆನೆದು ಹಾಳಾಗಿತ್ತು. ಆ ಮಾತು ಅವನಿಗೆ ಇನ್ನೂ ಉರಿಯುತ್ತಿತ್ತು.

ಸಾಲದ್ದಕ್ಕೆ ಇನ್ನೊಂದು ಪೇಚು. ಮದರಸದಲ್ಲಿ ಬಲದಿಂದ ಎಡಕ್ಕೆ ಓದಿ ಕಲಿತವನಿಗೆ ಕನ್ನಡದ ಅಕ್ಷರ ಬಾರದು. ನೆರೆಮನೆಯಲ್ಲಿ ಬೀಡಿ ಕಟ್ಟುವ ಸೀತು ಮೂರನೇ ಕ್ಲಾಸು ಓದಿದವಳು. ಬೀಡಿ ಎಲೆಯ ಮೇಲೆ ಉಗುರಿನಿಂದ ಎರಡೂ ಹೆಸರು ಗೀಚಿ ತೋರಿಸಿದಳು.

"ಎಡದಿಂದ ನೋಡಿ ಬ್ಯಾರಿಗಳೇ. ಮೊದಲ ಅಕ್ಷರದ ಬೆನ್ನಿಗೇ ಸೊನ್ನೆ ಉಂಟಲ್ಲ, ಅದು ಭಟ್ರು. ಇನ್ನೊಂದರಲ್ಲಿ ಸೊನ್ನೆ ಇಲ್ಲ."

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಎಲ್ಲಿ ಕೈತಪ್ಪುತ್ತದೋ ಎಂಬ ಹೆದರಿಕೆ ಒಂದಾದರೆ, ಬೇಕೆಂದೇ ತಪ್ಪಿದರೂ ಕೇಳುವವರಿಲ್ಲ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆ. ಅಕ್ಷರ ಬಾರದವ, ಪಾಪ ಎಂದು ಊರೇ ಬಿಟ್ಟುಬಿಡುತ್ತಿತ್ತು. ಅಷ್ಟು ಸುಲಭದ ದಾರಿ ಕಣ್ಣೆದುರಿಗೇ ಇದ್ದರೆ ಯಾರಿಗೆ ತಾನೇ ನೆಮ್ಮದಿ?

ಓಟಿನ ದಿನ ಪರದೆಯ ಹಿಂದೆ ಚೀಟಿ ಬಿಡಿಸಿದ. ಗುಮಾಸ್ತರ ಕೈಬರಹವೋ, ಎಲ್ಲವೂ ಉರುಟುರುಟು, ಎಲ್ಲೆಲ್ಲೂ ಸೊನ್ನೆ. ಎಡದಿಂದ ಬೆರಳಿಟ್ಟು ಒಂದೊಂದೇ ಅಕ್ಷರ ಸವರಿ ನೋಡಿದ. ಕೊನೆಗೂ ಮೊದಲ ಅಕ್ಷರದ ಬೆನ್ನಿಗೆ ಒಂಟಿಯಾಗಿ ಕೂತ ಸೊನ್ನೆ ಸಿಕ್ಕಿತು. ಸಿಕ್ಕಿದ ಮೇಲೆ ಪೆನ್ಸಿಲು ಇನ್ನೊಂದು ಹೆಸರಿನತ್ತಲೇ ಎಳೆಯತೊಡಗಿತು. ನೆನೆದ ಬುಟ್ಟಿ ನೆನಪಾಯಿತು. ತೋಡಿನಾಚೆ ಹುಲ್ಲುಹೊರೆ ಹೊತ್ತು, ನೀರು ಇಳಿಯಲಿ ಎಂದು ಕಾಯುತ್ತ ನಿಲ್ಲುವ ಸೀತುವೂ ನೆನಪಾದಳು. ಹಲ್ಲು ಕಚ್ಚಿ ಸೊನ್ನೆಯ ಹೆಸರಿನ ಎದುರು ಓಟಿನ ಗೀಟು ಎಳೆದ.

ಭಟ್ಟರು ಒಂದು ಓಟಿನಿಂದ ಗೆದ್ದರು. ಹಾರ ಹಾಕಿಸಿಕೊಂಡು ಹೊರಬಂದವರು ಅವನನ್ನು ಕಂಡು ಎಲ್ಲರೆದುರು ನಕ್ಕರು.

"ನಿಂಗೆ ಅಕ್ಷರ ಬಾರದ್ದು ಒಳ್ಳೆದಾಯ್ತು ಮಾರಾಯ. ಕೈತಪ್ಪಿ ನನಗೆ ಬಿತ್ತು."

ಸುತ್ತಲಿದ್ದವರೂ ನಕ್ಕರು. ಮೂಸಕುಂಞಿಯ ಕಿವಿ ಬಿಸಿಯಾಯಿತು.

"ಕೈ ತಪ್ಪಲಿಲ್ಲ ಭಟ್ರೆ," ಎಂದ. "ನಿಮ್ಮ ಹೆಸರಲ್ಲಿ ಸೊನ್ನೆ ಉಂಟು, ಹುಡುಕಿಯೇ ಹಾಕಿದ್ದು. ನಿಮ್ಮನ್ನು ಕಂಡ್ರೆ ನನಗೆ ಇವತ್ತಿಗೂ ಆಗುದಿಲ್ಲ. ಮಳೆಗೆ ಮುಂಚೆ ಸಂಕ ಆಗ್ಬೇಕು."