ಎದುರು ಮನೆಯಲ್ಲಿ ಉಳಿದ ತಟ್ಟೆ

ನಮ್ಮ ಮಹಡಿ ಮೇಲಿನ ಕೋಣೆಗೆ ಜರ್ಮನಿಯ ಹುಡುಗಿಯೊಬ್ಬಳು ಬಂದದ್ದು ಹೋದ ವರ್ಷ ಗೌರಿ ಹಬ್ಬ ಕಳೆದ ಮೇಲೆ. ನನ್ನ ಮೊಮ್ಮಗಳು ಹೋಗುವ ಇಂದಿರಾನಗರದ ಶಾಲೆಯಲ್ಲಿ, ಕೈಕಾಲಿಗೆ ಬಲ ಸಾಲದ ಮಕ್ಕಳಿಗೆ ವ್ಯಾಯಾಮ ಮಾಡಿಸುತ್ತಾ, ಸಂಬಳವಿಲ್ಲದೆ ಒಂದು ವರ್ಷ ಇರುತ್ತೇನೆಂದು ಬಂದವಳು. ಹತ್ತೊಂಬತ್ತು ವಯಸ್ಸು. ಆ ವಯಸ್ಸಿಗೆ ನನಗೆ ಎರಡು ಮಕ್ಕಳಾಗಿದ್ದವು. ಹಲಸೂರಿನಿಂದ ಮೆಜೆಸ್ಟಿಕ್ಕಿಗೂ ಒಬ್ಬಳೇ ಹೋದವಳಲ್ಲ.

ಮೊಮ್ಮಗಳಿಗೆ ಏಳು ವರ್ಷ. ಹುಟ್ಟಿದಾಗಿನಿಂದ ಕಾಲಲ್ಲಿ ಶಕ್ತಿ ಕಡಿಮೆ. ಈ ಹುಡುಗಿ ಬಂದ ಮೂರು ತಿಂಗಳಿಗೆ, ವಾಕರ್ ಹಿಡಿದು ನಡುಮನೆಯಿಂದ ಅಡುಗೆಮನೆಗೆ ನಡೆಯತೊಡಗಿದಳು. ಹೊಸ್ತಿಲು ಮಾತ್ರ ನಡೆದು ದಾಟುತ್ತಿರಲಿಲ್ಲ, ಶಾಲೆಗೂ ಎತ್ತಿಕೊಂಡೇ ಆಟೋ ಹತ್ತಿಸಬೇಕಿತ್ತು. "ಬೀದೀಲಿ ಎಲ್ಲಾ ನೋಡ್ತಾರೆ" ಅನ್ನುತ್ತಿದ್ದಳು.

ಡಿಸೆಂಬರ್ ಬಂತು, ಹುಡುಗಿ ಮಂಕಾದಳು. ಅವರ ಕಡೆ ಕ್ರಿಸ್‌ಮಸ್ಸಿಗೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬೇಕಂತೆ. ಹೆತ್ತವರನ್ನು ಬಿಟ್ಟು ಅವಳು ಮಾಡುವ ಮೊದಲ ಹಬ್ಬ ಅದು. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಹೇಳಿದಳು:

"ಅಜ್ಜಿ, ಜನವರಿ ಎರಡು ನಾನು ಊರಿಗೆ ಹೋಗ್ತೀನಿ. ಹಬ್ಬಕ್ಕೆ ಸಿಕ್ಕಿಲ್ಲ, ಅಮ್ಮ ಆ ದಿನಕ್ಕೆ ಟಿಕೆಟ್ ಮಾಡಿದ್ರು."

"ವಾಪಸ್ ಯಾವಾಗಮ್ಮ?"

"ಗೊತ್ತಿಲ್ಲ."

ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ, ತೆಗೆಯುತ್ತಲೇ ಇದ್ದೆ. ಹೆತ್ತ ತಾಯಿ ಕರೆದರೆ ಬೇಡ ಅನ್ನಲು ನಾನು ಯಾರು? ಆದರೆ ಮೊಮ್ಮಗಳು ಹೊಸ್ತಿಲ ಒಳಗೇ ಉಳಿದುಬಿಟ್ಟರೆ?

ಹಬ್ಬದ ಹಿಂದಿನ ದಿನ ಅವಳು ಹಿಟ್ಟು ಕಲಸಿ, ನಕ್ಷತ್ರದ ಹಾಗೆ ಕತ್ತರಿಸಿ, ಬೀದಿ ಮೂಲೆಯ ಬೇಕರಿಯ ಒಲೆಯಲ್ಲಿ ಬಿಸ್ಕತ್ತು ಬೇಯಿಸಿಕೊಂಡು ಬಂದಳು. ನನ್ನ ಹೆಸರು ಕೊರೆಸಿದ ಐದು ಸ್ಟೀಲ್ ತಟ್ಟೆಗಳಲ್ಲಿಟ್ಟು ಐದು ಮನೆಗೆ ಕೊಟ್ಟಳು. ಹೋಗುವ ಮುಂಚೆ ಎಲ್ಲರಿಗೂ ಒಂದು ಸಲ ಕೊಟ್ಟು ಮುಗಿಸೋಣ ಎಂದುಕೊಂಡಿದ್ದಳು.

ನಮ್ಮ ಬೀದಿಯಲ್ಲಿ ತಟ್ಟೆ ಖಾಲಿ ವಾಪಸ್ಸು ಬರುವುದಿಲ್ಲ. ಅದನ್ನು ಅವಳಿಗೆ ಹೇಳಲು ಮರೆತಿದ್ದೆ. ಮಾರನೇ ದಿನ ಒಂದರಲ್ಲಿ ನಿಪ್ಪಟ್ಟು ಬಂತು, ಒಂದರಲ್ಲಿ ರವೆ ಉಂಡೆ, ಒಂದರಲ್ಲಿ ಕೇಕು, ಒಂದರಲ್ಲಿ ಚಕ್ಕುಲಿ. ಇದಕ್ಕೆ ಪ್ರತಿಯಾಗಿ ತಾನೂ ಕೊಡಬೇಕೆಂದು ಅವಳು ಮತ್ತೆ ಹಿಟ್ಟು ಕಲಸಿದಳು. ನಾಲ್ಕೂ ತಟ್ಟೆ ಮತ್ತೆ ತುಂಬಿ ಬಂದವು.

"ಅಜ್ಜಿ, ಇದು ಯಾವಾಗ ಮುಗಿಯತ್ತೆ?"

"ಮುಗಿಯಲ್ಲ ಕಣಮ್ಮ. ನಾನು ಮದ್ವೆಯಾಗಿ ಬಂದಾಗ್ಲಿಂದ ನಡೀತಾನೇ ಇದೆ."

ಐದನೆಯದು ಎದುರು ಮನೆಯಲ್ಲಿತ್ತು. ಅಲ್ಲಿನ ಯಜಮಾನಿಯನ್ನು ನಾವು ಆಪಾ, ಅಂದರೆ ಅಕ್ಕ, ಅನ್ನುತ್ತೇವೆ. ಅವರ ಮನೆಯವರದು ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ. ಹುಡುಗಿ ತಟ್ಟೆ ಕೇಳಲು ಹೋದರೆ, ಆಪಾ ನಮ್ಮ ಕಿಟಕಿಗೆ ಕೇಳುವ ಹಾಗೆ ಹೇಳಿದರು:

"ನಿಂಗೆ ಕೊಡಲ್ಲ. ಅಲ್ಲಿ ಕಿಟಕೀಲಿ ಕೂತವ್ರಲ್ಲ ಚಿಕ್ಕ ಮೇಡಂ, ಅವ್ರು ಬರ್ಲಿ. ಬರ್ಲಿಲ್ಲ ಅಂದ್ರೆ ತಟ್ಟೆ ನಂದೇ."

"ಅದ್ರ ಮೇಲೆ ನಮ್ಮಜ್ಜಿ ಹೆಸ್ರಿದೆ" ಎಂದು ಮೊಮ್ಮಗಳು ಕೂಗಿದಳು.

"ನಂಗೆ ಕನ್ನಡ ಓದಕ್ಕೆ ಬರಲ್ಲ ಬೇಟಿ."

ಮೂರು ದಿನ ಆಪಾ ಬೆಳಿಗ್ಗೆ ಎದ್ದು ಆ ತಟ್ಟೆಯನ್ನು ತಿಕ್ಕಿ ತೊಳೆದು ತಮ್ಮ ಕಿಟಕಿಯಲ್ಲಿ ನಿಲ್ಲಿಸಿದರು. ಬಿಸಿಲಿಗೆ ಅದು ಹೊಳೆಯುತ್ತಿತ್ತು. ಮೊಮ್ಮಗಳು ಅದನ್ನೇ ನೋಡುತ್ತಾ ಇಡ್ಲಿ ತಿನ್ನುತ್ತಿದ್ದಳು. ನಾಲ್ಕನೇ ದಿನ ಇಡ್ಲಿ ಬಿಟ್ಟು ಹುಡುಗಿಗೆ, "ಅಕ್ಕ, ವಾಕರ್ ಕೊಡು" ಎಂದಳು.

ನಮ್ಮ ಬೀದಿ ಎರಡು ಆಟೋ ಹೋಗುವಷ್ಟು ಅಗಲ. ಹುಡುಗಿ ಒಂದು ಮಾರು ಹಿಂದೆ, ಕೈ ಬೆನ್ನಿಗೆ ಕಟ್ಟಿಕೊಂಡು ನಡೆದಳು. ಹಿಡಿಯಬಾರದೆಂದು ಹಾಗೆ ಕಟ್ಟಿಕೊಂಡಿದ್ದಳು. ಬಂದ ಆಟೋದವನು ಹಾರನ್ ಒತ್ತದೆ ಇಂಜಿನ್ ಆರಿಸಿ, "ನಿಧಾನ ಮಗಾ, ನಂಗೇನ್ ಅರ್ಜೆಂಟಿಲ್ಲ" ಎಂದ. ಮಧ್ಯೆ ಒಂದು ಸಲ ವಾಕರ್ ಕಲ್ಲಿಗೆ ಸಿಕ್ಕಿತು. ತಾನೇ ಬಿಡಿಸಿಕೊಂಡಳು. ನನಗೆ ಕೂಗಬೇಕೆನಿಸಿತು, ಬೀದಿಗೆಲ್ಲ ಸಕ್ಕರೆ ಹಂಚಬೇಕೆನಿಸಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ.

ಆಪಾ ಅವಳನ್ನು ಜಗಲಿ ಮೇಲೆ ಕೂರಿಸಿ, ಅದೇ ತಟ್ಟೆಯಲ್ಲಿ ಸಿಹಿ ಶಾವಿಗೆ ಹಾಕಿ ಕೊಟ್ಟರು. ಅವಳು ಒಂದೆಳೆ ಬಿಡದೆ ತಿಂದು, ತಟ್ಟೆಗೆ ಕೈ ಹಾಕಿದಳು.

"ಖಾಲಿ ತಟ್ಟೆ ಹೆಂಗೆ ಕಳ್ಸೋದು?" ಎಂದು ಆಪಾ ಕಿತ್ತುಕೊಂಡರು. "ನಾಳೆ ಬಾ."

ಮಾರನೇ ದಿನವೂ ಹೋದಳು. ಅಲ್ಲೇ ತಿಂದಳು. ತಟ್ಟೆ ಖಾಲಿಯಾಯಿತು. ಅದರ ಮಾರನೇ ದಿನವೂ ಹಾಗೇ.

ಹುಡುಗಿ ಮಹಡಿ ಮೇಲೆ ಅವಳ ತಾಯಿಯ ಹತ್ತಿರ ಫೋನಿನಲ್ಲಿ ತುಂಬ ಹೊತ್ತು ಮಾತಾಡಿದಳು. ಆ ಭಾಷೆಯಲ್ಲಿ ನನಗೆ ತಿಳಿದದ್ದು "ಆಪಾ" ಅನ್ನುವ ಒಂದೇ ಮಾತು. ಜನವರಿ ಎರಡರಂದು ಎಂದಿನಂತೆ ಚೀಲ ನೇತುಹಾಕಿಕೊಂಡು ಶಾಲೆಗೆ ಹೊರಟಳು. ನಾನು ಡಬ್ಬಿಗೆ ಚಿತ್ರಾನ್ನ ಹಾಕಿಕೊಟ್ಟೆ. ಸಂಕ್ರಾಂತಿಗೆ ಎಳ್ಳು ಬೀರಲು ಎಷ್ಟು ತಟ್ಟೆ ಬೇಕೆಂದು ಅವಳೇ ಬಂದು ಕೇಳಿದಳು. ವರ್ಷ ಮುಗಿಸಿಯೇ ಹೋಗುತ್ತಾಳಂತೆ; ತಾಯಿಯೇ ಇಲ್ಲಿಗೆ ಬಂದು ನೋಡಿಕೊಂಡು ಹೋಗುತ್ತಾರಂತೆ.

ಶಿವರಾತ್ರಿ ಕಳೆಯಿತು. ಆ ಒಂದು ತಟ್ಟೆ ಇನ್ನೂ ನಮ್ಮ ಮನೆಗೆ ಬಂದಿಲ್ಲ. ತರುತ್ತೇನೆಂದು ಮೊಮ್ಮಗಳು ಈಗಲೂ ಹೋಗಿದ್ದಾಳೆ, ಒಬ್ಬಳೇ. ತಡವಾಯಿತು. ಮಾತಿಗೆ ಕೂತಿರಬೇಕು.